ಬರಗಾಲಕ್ಕೆ ಅಧಿಕ ಮಾಸ ಸೇರಿದಾಗ ಗ್ರಾಫು ಏನು ಹೇಳುತ್ತದೆ?

ಮುಂಬೈ ಸುತ್ತಿನ ಡೊಂಬಿವಲಿ, ಮುಲುಂಡ್, ಥಾಣೆ ಕಡೆಯ ಯಾವ ಕನ್ನಡಿಗರ ಅಡುಗೆಮನೆಗೆ ಹೋದರೂ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ಅದರ ತಾರೀಖಿನ ಮನೆಗಳ ತುಂಬ ಪೆನ್ಸಿಲ್ ಗುರುತುಗಳಿರುತ್ತವೆ. ಹಾಲು ಒಂದು ಪೊಟ್ಟಣ ಹೆಚ್ಚು ತೆಗೆದುಕೊಂಡದ್ದು, ಹೊಸ ಸಿಲಿಂಡರ್ ಹಚ್ಚಿದ್ದು, ಮನೆಗೆಲಸದ ಹೆಂಗಸು ‘ಬಾಯಿ’ಯ ಖಾಡಾ ಅಂದರೆ ಗೈರುಹಾಜರಿ, ಇಸ್ತ್ರಿಗೆ ಕೊಟ್ಟ ಬಟ್ಟೆಗಳ ಸಂಖ್ಯೆ, ಎಲ್ಲವೂ ಏಕಾದಶಿ ಸಂಕಷ್ಟಿಗಳ ನಡುವೆ ಇಕ್ಕಟ್ಟಿನಲ್ಲಿ ಕುಳಿತಿರುತ್ತವೆ. ಇಷ್ಟು ಶಿಸ್ತಿನ ದತ್ತಾಂಶ ಎಷ್ಟೋ ಕಚೇರಿಗಳಲ್ಲಿ ಹುಡುಕಿದರೂ ಸಿಗುವುದಿಲ್ಲ.

ಇಷ್ಟೆಲ್ಲ ಬರೆದಿಡುವವರು ಒಂದನ್ನು ಮಾತ್ರ ಬರೆಯುವುದಿಲ್ಲ. ಹಾಲು ಉಕ್ಕಿ ಹೋದ ಬೆಳಿಗ್ಗೆ ಮನೆಯವರ ಮುಖ ಎಷ್ಟು ಗಂಟಿಕ್ಕಿತ್ತು, ಲೋಕಲ್ ರೈಲು ತಪ್ಪಿದ ಸಂಜೆ ಯಾರ ಸಿಟ್ಟು ಯಾರ ಮೇಲೆ ತೀರಿತು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಅದನ್ನೂ ಅಂಕಿಯಾಗಿಸಿ, ಗೆರೆ ಎಳೆದು, ಕಂಬ ನಿಲ್ಲಿಸಿ ತಮಾಷೆ ಮಾಡುವ ಅಭ್ಯಾಸ ಈಗ ಮೊಬೈಲಿನಿಂದ ಮೊಬೈಲಿಗೆ ಹರಡಿದೆ. ಸೋಮವಾರದಿಂದ ಶುಕ್ರವಾರದವರೆಗೆ ಉತ್ಸಾಹದ ಏರಿಳಿತ, ಛತ್ರಿ ಒಯ್ದ ದಿನಗಳಿಗೂ ಮಳೆ ಬಂದ ದಿನಗಳಿಗೂ ಇರುವ ಹಗೆ, ನೆಂಟರು ಬರುವ ಹೊತ್ತಿಗೂ ಸಕ್ಕರೆ ಡಬ್ಬ ಬರಿದಾಗುವ ಹೊತ್ತಿಗೂ ಇರುವ ನಂಟು. ನೋಡುತ್ತೇವೆ, ನಗುತ್ತೇವೆ, ಇನ್ನೊಬ್ಬರಿಗೆ ಕಳಿಸುತ್ತೇವೆ. ಆದರೆ ಅದೇ ಗ್ರಾಫನ್ನು ಸ್ವಲ್ಪ ನಿಷ್ಠೆಯಿಂದ ಬರೆದರೆ ಒಂದು ಸಂಗತಿ ಹೊರಬೀಳುತ್ತದೆ. "ನನಗೇ ಯಾಕೆ ಹೀಗಾಗುತ್ತದೆ" ಎಂಬ ಗೋಳಿನಲ್ಲಿ ಶನಿಯ ಪಾಲು ಕಡಿಮೆ, ನಾವು ಎಣಿಸುವ ರೀತಿಯ ಪಾಲೇ ಹೆಚ್ಚು.

ನಗು ಹುಟ್ಟುವುದು ಗ್ರಾಫಿನ ಗತ್ತಿನಿಂದ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳನ್ನು ಏರಿಳಿಯುವ ಗೆರೆಗಳಾಗಿ ಬರೆದು ಅಚ್ಚು ಹಾಕಿಸಿದರು. ಕಂಬಗಳ ನಕ್ಷೆಯೂ ಅದೇ ಪುಸ್ತಕದ್ದು. ವೃತ್ತವನ್ನು ಹೋಳು ಮಾಡಿ ತೋರಿಸುವ ನಕ್ಷೆ 1801ರ ಅವರ ಇನ್ನೊಂದು ಪುಸ್ತಕದಲ್ಲಿ ಬಂದಿತು. 1858ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್, ಕ್ರಿಮಿಯಾ ಯುದ್ಧದಲ್ಲಿ ಗಾಯಗಳಿಗಿಂತ ರೋಗಗಳೇ ಹೆಚ್ಚು ಸೈನಿಕರನ್ನು ಕೊಂದವು ಎಂಬುದನ್ನು ವೃತ್ತಾಕಾರದ ನಕ್ಷೆಗಳಲ್ಲಿ ತೋರಿಸಿ ಸರ್ಕಾರದ ಕಣ್ಣು ತೆರೆಸಲು ಹೊರಟರು. ಹೀಗೆ ವ್ಯಾಪಾರ, ಯುದ್ಧ, ಸಾವುಗಳ ಲೆಕ್ಕಕ್ಕೆ ಹುಟ್ಟಿದ ಸಾಧನವನ್ನು ತಳ ಹಿಡಿದ ಉಪ್ಪಿಟ್ಟಿನ ಲೆಕ್ಕಕ್ಕೆ ಬಳಸುವುದೆಂದರೆ, ಕಿರೀಟ ಭುಜಕೀರ್ತಿ ತೊಟ್ಟ ಯಕ್ಷಗಾನದ ರಾಜವೇಷ ರಂಗಕ್ಕೆ ಬಂದು ತನ್ನ ಚಪ್ಪಲಿ ಕಳೆದ ಕಥೆಯನ್ನು ಏರುಪದಕ್ಕೆ ಕುಣಿದು ಹೇಳಿದ ಹಾಗೆ. ವೇಷ ಗಂಭೀರವಾಗಿದ್ದಷ್ಟೂ ನಗು ಜಾಸ್ತಿ.

ದುರದೃಷ್ಟವನ್ನು ಎಣಿಸಿದವರಲ್ಲಿ ನನಗೆ ಅತ್ಯಂತ ಪ್ರಿಯರಾದವರು ಸಂಖ್ಯಾಶಾಸ್ತ್ರಜ್ಞ ಲಾಡಿಸ್ಲೌಸ್ ಬೋರ್ಟ್‌ಕೀವಿಚ್. 1898ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ, ಜರ್ಮನಿಯ ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಪಟ್ಟಿಯಿದೆ. ತಮಾಷೆಗೆಂದು ಮಾಡಿದ್ದಲ್ಲ. ಆದರೂ ಅಷ್ಟು ಓದಿದ ಮನುಷ್ಯ ಕುದುರೆಯ ಒದೆತಗಳನ್ನು ವರ್ಷವಾರು ಜೋಡಿಸುತ್ತಾ ಕುಳಿತ ದೃಶ್ಯ ನೆನೆದರೆ ನನಗೆ ನಗು ತಡೆಯುವುದು ಕಷ್ಟ. ಅದರಲ್ಲಿ ಈಗಲೂ ಪಾಠವಾಗಿ ಹೇಳುವ ಭಾಗ 10 ಸೇನಾದಳಗಳ 20 ವರ್ಷಗಳ ಲೆಕ್ಕ, ಅಂದರೆ ಒಂದು ದಳದ ಒಂದು ವರ್ಷವನ್ನು ಕ್ಯಾಲೆಂಡರಿನ ಒಂದು ಮನೆ ಎಂದುಕೊಂಡರೆ ಒಟ್ಟು 200 ಮನೆಗಳು. ಸತ್ತವರು 122 ಮಂದಿ. 109 ಮನೆಗಳಲ್ಲಿ ಒಂದೂ ಸಾವಿಲ್ಲ. 65ರಲ್ಲಿ ಒಂದು, 22ರಲ್ಲಿ ಎರಡು, 3ರಲ್ಲಿ ಮೂರು, ಒಂದೇ ಒಂದು ಮನೆಯಲ್ಲಿ ನಾಲ್ಕು.

ಆ ನಾಲ್ಕು ಸಾವು ಕಂಡ ದಳದವರು ಏನೆಂದುಕೊಂಡಿರಬಹುದು? ನಮ್ಮ ಕಡೆಯಾಗಿದ್ದರೆ ಲಾಯಕ್ಕೆ ದೃಷ್ಟಿ ತೆಗೆಸಿ, ಕುಂಬಳಕಾಯಿ ಒಡೆಸಿ, ನಾಗದೋಷ ನೋಡಿಸುತ್ತಿದ್ದರು. ಬೋರ್ಟ್‌ಕೀವಿಚ್ ಮಾಡಿದ್ದು ಬೇರೆ. ಪ್ರತಿ ಒದೆತವೂ ಇನ್ನೊಂದಕ್ಕೆ ಸಂಬಂಧವಿಲ್ಲದೆ, ಯಾವ ದ್ವೇಷವೂ ಇಲ್ಲದೆ, ಸರಾಸರಿ ಒಂದು ದಳಕ್ಕೆ ವರ್ಷಕ್ಕೆ 0.61ರಂತೆ ಸಂಭವಿಸಿದರೆ ಎಷ್ಟು ಮನೆಗಳಲ್ಲಿ ಎಷ್ಟು ಸಾವು ಬರಬೇಕು ಎಂದು ಲೆಕ್ಕ ಹಾಕಲು ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ ಕೊಟ್ಟ ಸೂತ್ರವೊಂದಿದೆ. ಅದರ ಪ್ರಕಾರ ಬರುವ ಉತ್ತರ ಹೆಚ್ಚುಕಡಿಮೆ 109, 66, 20, 4, 1. ಪ್ರಷ್ಯಾದ ಕುದುರೆಗಳು ಸೂತ್ರ ಓದಿಕೊಂಡೇ ಒದ್ದಂತಿದೆ. ನಾಲ್ಕು ಸಾವಿನ ಆ ವರ್ಷಕ್ಕೆ ವಿಶೇಷ ಕಾರಣ ಬೇಕಿರಲಿಲ್ಲ. 200 ಮನೆಗಳಲ್ಲಿ ಅಂಥ ಒಂದು ಬಂದರೆ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಈಗ ಇದೇ ಸೂತ್ರವನ್ನು ನಮ್ಮ ಮನೆಗೆ ತರೋಣ. ಒಂದು ಸಂಸಾರಕ್ಕೆ ಸರಾಸರಿ ವಾರಕ್ಕೊಂದು ಸಣ್ಣ ಅನಾಹುತ ಎಂದಿಟ್ಟುಕೊಳ್ಳಿ. ಮಿಕ್ಸರ್ ಸುಡುವುದು, ಗೀಸರ್ ಕೈಕೊಡುವುದು, ಫೋನಿನ ಗಾಜು ಒಡೆಯುವುದು, ಈ ಮಟ್ಟದವು. ಒಂದಕ್ಕೊಂದು ಸಂಬಂಧವಿಲ್ಲದೆ ಇವು ಬಂದರೆ, ವರ್ಷದ 52 ವಾರಗಳಲ್ಲಿ ಸುಮಾರು 19 ವಾರ ಏನೂ ಆಗುವುದಿಲ್ಲ. ಇನ್ನು 19 ವಾರ ಒಂದೊಂದೇ ಆಗುತ್ತದೆ. ಎರಡೆರಡು ಆಗುವ ವಾರಗಳು ಒಂಬತ್ತು ಹತ್ತು. ಉಳಿದ ನಾಲ್ಕು ವಾರಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಒಟ್ಟಿಗೇ ಬಂದು ಬೀಳುತ್ತವೆ. ಮಿಕ್ಸರ್, ಗೀಸರ್, ಫೋನ್ ಮೂರೂ ಒಂದೇ ವಾರ ಹೋದಾಗ "ಯಾರ ಕಣ್ಣು ಬಿತ್ತೋ" ಎನ್ನುವ ನಾವು, ಏನೂ ಆಗದ ಆ 19 ವಾರಗಳಲ್ಲಿ ಯಾರ ಕಣ್ಣು ತಪ್ಪಿತು ಎಂದು ಕೇಳುವುದಿಲ್ಲ. ಬರಿದಾದ ಮನೆಗೆ ಯಾರೂ ಪೆನ್ಸಿಲ್ ಮುಟ್ಟಿಸುವುದಿಲ್ಲವಲ್ಲ.

ಬರಗಾಲದಲ್ಲಿ ಅಧಿಕ ಮಾಸ ಎಂಬ ಗಾದೆಯನ್ನೇ ತೆಗೆದುಕೊಳ್ಳಿ. ಕಷ್ಟದ ಮೇಲೆ ಕಷ್ಟ ಬೀಳುವುದಕ್ಕೆ ನಮ್ಮ ಹಿರಿಯರು ಕೊಟ್ಟ ಉದಾಹರಣೆ ಅದು. ಚಾಂದ್ರಮಾನವನ್ನು ಸೌರಮಾನಕ್ಕೆ ಹೊಂದಿಸಲು ನಮ್ಮ ಪಂಚಾಂಗದಲ್ಲಿ 19 ವರ್ಷಗಳಿಗೆ ಸುಮಾರು 7 ಅಧಿಕ ಮಾಸಗಳು ಬರುತ್ತವೆ. ಅಂದರೆ ಬರಗಾಲ ಯಾವ ವರ್ಷ ಬಂದರೂ ಅದರೊಳಗೆ ಅಧಿಕ ಮಾಸವಿರುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು, ನೂರಕ್ಕೆ 37ರಷ್ಟು. ಇದು ವಿಧಿಯ ಕ್ರೂರ ಹಾಸ್ಯವೇನಲ್ಲ. ಆಗಾಗ ಆಗಿಯೇ ಆಗುವ ಕಾಕತಾಳೀಯ. ಅಧಿಕ ಮಾಸವಿಲ್ಲದ ಬರಗಾಲಗಳೇ ಹೆಚ್ಚು. ಅವುಗಳ ಮೇಲೆ ಗಾದೆ ಕಟ್ಟಲು ಯಾರಿಗೂ ಮನಸ್ಸಾಗಲಿಲ್ಲ, ಅಷ್ಟೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕುದುರೆಗಳ ಸೂತ್ರ ನಡೆಯುವುದು ಅನಾಹುತಗಳು ಒಂದಕ್ಕೊಂದು ಪರಿಚಯವಿಲ್ಲದಿದ್ದಾಗ ಮಾತ್ರ. ಮುಂಬೈಯ ಜುಲೈ ತಿಂಗಳಲ್ಲಿ ಅವುಗಳಿಗೆಲ್ಲ ಒಬ್ಬನೇ ಯಜಮಾನ. ಲೋಕಲ್ ತಡವಾಗುವುದು, ಬಟ್ಟೆ ಒಣಗದೆ ಮುಗ್ಗಲು ವಾಸನೆ ಬರುವುದು, ಕೆಲಸದ ಬಾಯಿ ಬಾರದಿರುವುದು, ಅಕ್ಕಿ ಡಬ್ಬಕ್ಕೆ ಹುಳ ಬೀಳುವುದು, ಎಲ್ಲದರ ಹಿಂದೆ ಮಳೆಯೇ ಇದೆ. ಆ ತಿಂಗಳು ಯಾರಾದರೂ ತಿಂದ ಕಾಂದಾ ಭಜಿಯ, ಅಂದರೆ ಈರುಳ್ಳಿ ಬಜ್ಜಿಯ, ತಟ್ಟೆಗಳನ್ನೂ ಲೋಕಲ್ ತಡವಾದ ನಿಮಿಷಗಳನ್ನೂ ಒಂದೇ ಗ್ರಾಫಿನಲ್ಲಿ ಬರೆದರೆ ಎರಡು ಗೆರೆಗಳು ಕೈಕೈ ಹಿಡಿದು ಏರುತ್ತವೆ. ಭಜಿ ತಿನ್ನುವುದನ್ನು ಬಿಟ್ಟರೆ ಗಾಡಿ ಸಮಯಕ್ಕೆ ಸರಿಯಾಗಿ ಬರುತ್ತದೆ ಎಂದು ಅದರಿಂದ ಯಾರೂ ತೀರ್ಮಾನಿಸುವುದಿಲ್ಲ. ಆದರೆ ಭಜಿಯ ಜಾಗದಲ್ಲಿ ಮಕ್ಕಳು ಮೊಬೈಲ್ ನೋಡುವ ಗಂಟೆಗಳನ್ನೋ ಸೊಸೆ ಕಚೇರಿಯಿಂದ ಬರುವ ಸಮಯವನ್ನೋ ಇಟ್ಟರೆ ಎಷ್ಟು ಬೇಗ ತೀರ್ಮಾನಿಸಿಬಿಡುತ್ತಾರೆ!

ಇನ್ನು ಕಾಯುವುದರ ವಿಚಾರ. ಮುಂಬೈಯವರ ದುಃಖದ ಗ್ರಾಫಿನಲ್ಲಿ ಇದಕ್ಕೇ ಅತಿ ಎತ್ತರದ ಕಂಬ. "ನಾನು ನಿಲ್ದಾಣಕ್ಕೆ ಹೋದಾಗಲೇ ಬಸ್ಸು ತಡ" ಎನ್ನುವವರನ್ನು ನಾವು ಗೊಣಗುವವರು ಎಂದು ತಳ್ಳಿಹಾಕುತ್ತೇವೆ. ಗಣಿತ ಅವರ ಪರವಾಗಿದೆ. ಒಂದು ದಾರಿಯಲ್ಲಿ ಸರಾಸರಿ 10 ನಿಮಿಷಕ್ಕೊಂದು ಬಸ್ ಎಂದುಕೊಳ್ಳಿ. ಆದರೆ ಸಿಗ್ನಲ್ಲು, ಅಗೆದ ರಸ್ತೆಗಳ ದೆಸೆಯಿಂದ ಅಂತರ ಒಮ್ಮೆ 5 ನಿಮಿಷ, ಮರುಸಲ 15 ನಿಮಿಷ. ಸಾರಿಗೆಯವರ ಕಾಗದದಲ್ಲಿ ಸರಾಸರಿ ಹತ್ತೇ ಇದೆ, ಆದ್ದರಿಂದ ಪ್ರಯಾಣಿಕ ಕಾಯುವುದು ಸರಾಸರಿ 5 ನಿಮಿಷ ಎಂದು ಅವರ ಲೆಕ್ಕ. ನೀವು ಹೊತ್ತುಗೊತ್ತು ನೋಡದೆ ಹೋಗಿ ನಿಲ್ಲುತ್ತೀರಿ. ಪ್ರತಿ 20 ನಿಮಿಷದಲ್ಲಿ 15 ನಿಮಿಷ ಉದ್ದನೆಯ ಅಂತರದ್ದೇ ಆಗಿರುವುದರಿಂದ, ನಾಲ್ಕರಲ್ಲಿ ಮೂರು ಸಲ ನೀವು ಅದರೊಳಗೇ ಬೀಳುತ್ತೀರಿ. ಅಲ್ಲಿ ಕಾಯಬೇಕಾದದ್ದು ಸರಾಸರಿ ಏಳೂವರೆ ನಿಮಿಷ, ಚಿಕ್ಕ ಅಂತರದಲ್ಲಿ ಎರಡೂವರೆ. ಎರಡನ್ನೂ ಅವುಗಳ ಪಾಲಿಗೆ ತಕ್ಕಂತೆ ಕೂಡಿಸಿದರೆ ಆರೂಕಾಲು ನಿಮಿಷ. ಬಸ್ಸುಗಳು ಪೂರ್ತಿ ಮನಬಂದಂತೆ ಬಂದರೆ ಕಾಯುವ ಸರಾಸರಿ ಹತ್ತಕ್ಕೇ ಹೋಗಿ ನಿಲ್ಲುತ್ತದೆ.

ಜನಜಂಗುಳಿಯೂ ಹೀಗೆಯೇ. ಎರಡು ಲೋಕಲ್‌ಗಳಲ್ಲಿ ಒಂದರಲ್ಲಿ 4,000 ಜನ, ಇನ್ನೊಂದರಲ್ಲಿ 1,000 ಜನ ಇದ್ದಾರೆ ಎಂದು ಭಾವಿಸಿ. ಗಾಡಿಗಳನ್ನು ಎಣಿಸುವವರಿಗೆ ಸರಾಸರಿ 2,500. ಇಳಿದು ಬಂದವರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ "ನಿಮ್ಮ ಗಾಡಿಯಲ್ಲಿ ಎಷ್ಟು ಜನ" ಎಂದು ಕೇಳಿದರೆ ಬರುವ ಸರಾಸರಿ 3,400. ಏಕೆಂದರೆ ತುಂಬಿದ ಗಾಡಿಗೆ ಸಾಕ್ಷಿಗಳೂ ಹೆಚ್ಚು. ಖಾಲಿ ಗಾಡಿ ಓಡಿದ್ದು ನಿಜ, ಆದರೆ ಅದನ್ನು ಕಂಡವರು ಕಡಿಮೆ. ರೈಲಿನ ಅಂಕಿಅಂಶವೂ ಸುಳ್ಳಲ್ಲ, ಬೆವರಿನಲ್ಲಿ ತೊಯ್ದು ಇಳಿದವರ ಮಾತೂ ಸುಳ್ಳಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ. ಮೂರು ಸಾಲುಗಳಿರುವ ಟಿಕೆಟ್ ಕಿಟಕಿಯಲ್ಲಿ ಪಕ್ಕದ ಸಾಲೇ ಬೇಗ ಸಾಗುತ್ತದೆ ಎಂಬ ಅಳಲನ್ನಂತೂ ವಿವರಿಸುವುದೇ ಬೇಡ: ಮೂರರಲ್ಲಿ ನಿಮ್ಮದು ಒಂದು, ಆದ್ದರಿಂದ ಮೂರರಲ್ಲಿ ಎರಡು ಸಲ ಗೆಲ್ಲುವುದು ಪಕ್ಕದವರೇ.

ಎಣಿಸುವುದು ಇಷ್ಟಾಯಿತು. ಅಳೆಯುವುದು ಇನ್ನೂ ತೊಡಕಿನದು, ಮನಸ್ಥಿತಿಯ ಗ್ರಾಫುಗಳು ಹಳ್ಳ ಹಿಡಿಯುವುದೂ ಇಲ್ಲಿಯೇ. ಅಮೆರಿಕದ ಮನಶ್ಶಾಸ್ತ್ರಜ್ಞ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಅಳತೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಬರೀ ಹೆಸರು ಕೊಡುವುದು ಒಂದು. ಮೇಲುಕೆಳಗು ಹೇಳುವುದು ಎರಡು. ಮೆಟ್ಟಿಲುಗಳ ನಡುವಿನ ಅಂತರ ಸಮನಾಗಿರುವುದು, ಉಷ್ಣಾಂಶದ ಡಿಗ್ರಿಗಳಂತೆ, ಮೂರು. ನಿಜವಾದ ಸೊನ್ನೆಯಿಂದ ಶುರುವಾಗುವ ತೂಕ, ಉದ್ದಗಳಂಥದು ನಾಲ್ಕು. ಒಂದರಿಂದ ಐದರೊಳಗೆ ಇವತ್ತಿನ ನಿಮ್ಮ ಮನಸ್ಸಿಗೆ ಅಂಕ ಕೊಡಿ ಎಂದು ಮೊಬೈಲು ಕೇಳಿದಾಗ ನೀವು ಕೊಡುವ ಅಂಕ ಎರಡನೆಯ ಬಗೆಯದು. ಆಮೇಲೆ ಅದು ಅವುಗಳನ್ನೆಲ್ಲ ಕೂಡಿಸಿ ಭಾಗಿಸಿ "ಈ ತಿಂಗಳು ನಿಮ್ಮ ಸಂತೋಷ 3.2" ಎಂದು ಘೋಷಿಸುವಾಗ ಮೂರನೆಯ ಬಗೆಯದೆಂದು ನಟಿಸುತ್ತಿರುತ್ತದೆ.

ಇದರಲ್ಲಿ ಏನು ತಪ್ಪು ಎಂಬುದನ್ನು ತಿಳಿಯಲು ಪಾಠಪುಸ್ತಕ ಬೇಕಾಗಿಲ್ಲ, ಬೆಳಗಿನ ಲೋಕಲ್ಲಿನ ಎರಡನೇ ದರ್ಜೆ ಸಾಕು. ಅಲ್ಲಿನ ಜಾಗಗಳಿಗೆ ಎಲ್ಲರೂ ಒಪ್ಪುವ ಮೇಲುಕೆಳಗಿದೆ. ಎಲ್ಲಕ್ಕಿಂತ ಮೇಲೆ ಕಿಟಕಿ. ಆಮೇಲೆ ನಡುವಿನ ಸೀಟು, ಅಂಚಿನ ಸೀಟು, ಅದರಾಚೆ ಫೋರ್ತ್ ಸೀಟು. ಅದು ಸೀಟಲ್ಲ, ಮೂವರಿಗೆ ಮಾಡಿದ ಬೆಂಚಿನ ತುದಿಯಲ್ಲಿ ನಾಲ್ಕನೆಯವರು "ಜರಾ ಸರಕೋ" ಎಂದು ಗಳಿಸಿಕೊಂಡ ಅಂಗೈಯಗಲದ ಹಕ್ಕು. ಒಂದು ತೊಡೆ ಬೆಂಚಿನ ಮೇಲೆ, ಇನ್ನೊಂದು ಕಾಲು ಹಾದಿಯಲ್ಲಿ ಊರಿಕೊಂಡು, ಗಾಡಿ ಬ್ರೇಕ್ ಹಾಕಿದಾಗಲೆಲ್ಲ ಬೆರಳುಗಳಿಂದ ಬೆಂಚಿನ ಅಂಚನ್ನು ಒತ್ತಿ ಹಿಡಿಯಬೇಕು. ಅದರ ಕೆಳಗೆ ಎರಡು ಬೆಂಚುಗಳ ನಡುವೆ ನಿಲ್ಲುವ ಜಾಗ. ಕುಳಿತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಕೇಳಿ, ಅವರ ಸೀಟನ್ನು ಮೊದಲೇ ಕಾಯ್ದಿರಿಸಿಕೊಂಡು ನಿಂತವರು ಅಲ್ಲಿರುತ್ತಾರೆ. ಅದಕ್ಕೂ ಕೆಳಗೆ ಹಾದಿ, ಕಟ್ಟಕಡೆಗೆ ಬಾಗಿಲು.

ಮೇಲುಕೆಳಗು ಸ್ಪಷ್ಟವಾಗಿದೆ. ಅಂತರಗಳು? ಕಿಟಕಿಗೂ ನಡುವಿನ ಸೀಟಿಗೂ ಗಾಳಿಯಷ್ಟೇ ವ್ಯತ್ಯಾಸ. ಅಂಚಿನ ಸೀಟಿಗೂ ಫೋರ್ತ್ ಸೀಟಿಗೂ ನಡುವೆ ಒಂದು ಕಂದರ. ನಡುದಾರಿಯ ಘಾಟ್ಕೋಪರ್‌ನಲ್ಲಿ ಇಳಿಯುವವರ ಮುಂದೆ ನಿಂತವರು ಕೊನೆಯ ನಿಲ್ದಾಣ ಸಿಎಸ್‌ಎಂಟಿಗೆ ಹೋಗುವವರ ಪಕ್ಕದ ಫೋರ್ತ್ ಸೀಟಿನಲ್ಲಿ ಕುಳಿತವರಿಗಿಂತ ಸುಖಿಗಳು. ಮಳೆ ಜೋರಾದರೆ ಕಿಟಕಿಯಿಂದ ಎರಚಲು ಬಡಿದು ಮೊದಲ ಸ್ಥಾನದ ಸುಖವೇ ಮೂರನೆಯದಾಗಿ ಕೆಳಗಿಳಿಯುತ್ತದೆ. ಡೊಂಬಿವಲಿಯಿಂದ ಉಲ್ಟಾ ಕಲ್ಯಾಣಕ್ಕೆ ಹೋಗಿ, ಅಲ್ಲಿಂದಲೇ ಕುಳಿತು ಬಂದವರಿಗೆ ಕಿಟಕಿ ಸಿಕ್ಕಿದರೂ ಅರ್ಧ ಗಂಟೆ ಮೊದಲು ಎದ್ದ ಸಂಕಟ ಇದ್ದೇ ಇರುತ್ತದೆ. ಇವಕ್ಕೆ ಏಳರಿಂದ ಒಂದರವರೆಗೆ ಅಂಕ ಕೊಟ್ಟು, ವಾರದ ಸರಾಸರಿ 4.4 ಎಂದು ಬರೆದರೆ ನೀವು ಎಲ್ಲಿ ಕುಳಿತಿರಿ? ಫೋರ್ತ್ ಸೀಟಿಗೂ ಅಂಚಿನ ಸೀಟಿಗೂ ನಡುವೆ, ಯಾರೋ ಒಬ್ಬರ ಮಡಿಲಲ್ಲಿ. ಮೇಲುಕೆಳಗಿನ ಅಳತೆಗೆ ಸರಾಸರಿಗಿಂತ ಮಧ್ಯಾಂಕವೇ ವಾಸಿ: ಎಲ್ಲ ದಿನಗಳನ್ನೂ ಕೆಟ್ಟದ್ದರಿಂದ ಒಳ್ಳೆಯದಕ್ಕೆ ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ಆರಿಸುವುದು. ಅದು ಕೊನೆಯ ಪಕ್ಷ ಒಂದು ನಿಜವಾದ ಜಾಗವನ್ನು ತೋರಿಸುತ್ತದೆ.

ಸರಾಸರಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಈ ಊರಿನ ಇತಿಹಾಸದಲ್ಲೇ ನಗಲಾಗದ ಸಾಕ್ಷಿಯಿದೆ. 2005ರ ಜುಲೈ 26ರ ಮಳೆಯಲ್ಲಿ ಸಾಂತಾಕ್ರೂಜ್ ಹವಾಮಾನ ಕೇಂದ್ರ 24 ಗಂಟೆಗಳಲ್ಲಿ 944 ಮಿಲಿಮೀಟರ್ ದಾಖಲಿಸಿತು. ಅದೇ ಅವಧಿಗೆ ನಗರದ ದಕ್ಷಿಣ ತುದಿಯ ಕೊಲಾಬಾದ ಕೇಂದ್ರ ದಾಖಲಿಸಿದ್ದು ಸುಮಾರು 73. ಎರಡನ್ನೂ ಕೂಡಿಸಿ ಭಾಗಿಸಿದರೆ 500ರ ಆಸುಪಾಸಿನ ಒಂದು ಅಂಕಿ ಬರುತ್ತದೆ. ಅದು ಈ ಎರಡು ಕೇಂದ್ರಗಳಲ್ಲಿ ಯಾವುದರ ಕಥೆಯನ್ನೂ ಹೇಳುವುದಿಲ್ಲ. ಕೊಲಾಬಾಕ್ಕೆ ಹತ್ತಿರದ ಫೋರ್ಟ್‌ನ ಕಚೇರಿಯಲ್ಲಿ ಕುಳಿತವರಿಗೆ ಮನೆಗೆ ಹೊರಡುವವರೆಗೂ ಉಪನಗರಗಳಲ್ಲಿ ಏನಾಗುತ್ತಿದೆ ಎಂಬುದರ ಅಂದಾಜೇ ಇರಲಿಲ್ಲ.

ಮನಸ್ಸಿಗೆ ಅಂಕ ಕೊಡುವುದೇ ತೊಡಕಾದರೆ ಹೆಸರು ಕೊಟ್ಟು ಎಣಿಸಬಹುದು. ಅದರಲ್ಲಿ ನಮ್ಮವರು ಬಹಳ ಮುಂದಿದ್ದರು. ಭರತನ ನಾಟ್ಯಶಾಸ್ತ್ರ ಮನಸ್ಸಿನಲ್ಲಿ ನೆಲೆನಿಲ್ಲುವ ಎಂಟು ಸ್ಥಾಯಿಭಾವಗಳನ್ನು, ಮೈಯಲ್ಲಿ ಕಾಣುವ ಎಂಟು ಸಾತ್ತ್ವಿಕ ಭಾವಗಳನ್ನು, ಬಂದುಹೋಗುವ ಮೂವತ್ತಮೂರು ಸಂಚಾರಿ ಭಾವಗಳನ್ನು ಪಟ್ಟಿಮಾಡುತ್ತದೆ. ಮೊಬೈಲಿನ ಐದು ಹಳದಿ ಮುಖಗಳ ಮುಂದೆ ಇದು ಎಷ್ಟು ಶ್ರೀಮಂತ! ಸಿಟ್ಟು ಎಂಬ ಒಂದೇ ಮನೆಗೆ ಎಲ್ಲವನ್ನೂ ತುರುಕಬೇಕಾಗಿಲ್ಲ. ಸೊಸೈಟಿಯ ಸಭೆಯಲ್ಲಿ ಕಾರ್ಯದರ್ಶಿ ನಮ್ಮ ಅರ್ಜಿಯನ್ನು ಓದದೆ ಮಡಚಿಟ್ಟಾಗ ಒಳಗೆ ಕುದಿಯುವುದು ಅಮರ್ಷ. ಆ ಕುದಿತವನ್ನು ಮುಚ್ಚಿಕೊಂಡು ಅವರು ಕೊಟ್ಟ ಕಟಿಂಗ್ ಚಹಾ ಕುಡಿಯುತ್ತ ಮುಗುಳ್ನಗುವುದು ಅವಹಿತ್ಥ. ಮನೆಗೆ ಬಂದು ಫ್ಯಾನಿನ ಕೆಳಗೆ ಕುಳಿತಾಗಿನದು ಗ್ಲಾನಿ, ಹೀಗೆ ಹೇಳಬೇಕಿತ್ತು ಎಂದು ರಾತ್ರಿ ಹಾಸಿಗೆಯಲ್ಲಿ ಹೊಳೆಯುವುದು ವಿತರ್ಕ. ಕಚೇರಿಗೆ ಹೋಗುವವರ ಒಂದು ವಾರವನ್ನು ಹೀಗೆ ಬರೆದಿಟ್ಟರೆ ಅವಹಿತ್ಥದ ಕಂಬ ಎಲ್ಲವನ್ನೂ ಮೀರಿ ನಿಲ್ಲುತ್ತದೆ ಎಂದು ನನ್ನ ಅಂದಾಜು. ಇವನ್ನು ಕೂಡಿಸಿ ಸರಾಸರಿ ತೆಗೆಯಲು ಯಾರಿಗೂ ಮನಸ್ಸೂ ಬರುವುದಿಲ್ಲ. ಎಷ್ಟೆಷ್ಟು ಸಲ ಬಂತು ಎಂದು ಎಣಿಸಿ ಕಂಬ ನಿಲ್ಲಿಸಬಹುದು, ಅಷ್ಟೇ. ಅತಿ ಹೆಚ್ಚು ಸಲ ಬಂದದ್ದಕ್ಕೆ ಬಹುಲಕ ಎಂದು ಹೆಸರು. ವೃತ್ತವನ್ನು ಹೋಳು ಮಾಡುವ ನಕ್ಷೆ ಮಾತ್ರ ಬೇಡ. ಹೋಳುಗಳೆಲ್ಲ ಸೇರಿ ನೂರಾಗಬೇಕು ಎಂಬುದು ಅದರ ಹಟ. ಮನುಷ್ಯರಿಗಾದರೋ ಶೋಕ, ಹಸಿವು, ಆಲಸ್ಯ ಮೂರೂ ಒಂದೇ ಕ್ಷಣದಲ್ಲಿ ಪೂರ್ತಿಪೂರ್ತಿಯಾಗಿ ಬರಬಲ್ಲವು.

ಯಾವಾಗ ಬರೆಯಬೇಕು ಎಂಬುದೂ ಸಣ್ಣ ಪ್ರಶ್ನೆಯಲ್ಲ. ರಾತ್ರಿ ಊಟದ ಮೇಲೆ ದಿನವನ್ನೆಲ್ಲ ನೆನೆದು ಅಂಕ ಹಾಕಿದರೆ ದಾಖಲಾಗುವುದು ದಿನವಲ್ಲ, ನೆನಪು. 1993ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಜನ ಒಮ್ಮೆ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡು, ನೀರು ನಿಧಾನವಾಗಿ 15 ಡಿಗ್ರಿಗೆ ಏರುವಾಗಲೂ ಇಟ್ಟರು. ಎರಡರಲ್ಲಿ ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ಉದ್ದನೆಯ ಹಿಂಸೆಯನ್ನೇ ಆರಿಸಿಕೊಂಡರು, ಏಕೆಂದರೆ ಅದರ ಕೊನೆ ಸ್ವಲ್ಪ ಹಿತವಾಗಿತ್ತು. ನೆನಪು ಹಿಡಿದಿಟ್ಟುಕೊಳ್ಳುವುದು ಅತಿ ತೀವ್ರವಾದ ಕ್ಷಣ ಮತ್ತು ಕೊನೆಯ ಕ್ಷಣ. ನಡುವಿನ ಅವಧಿಗೆ ಅದು ಬೆಲೆಯನ್ನೇ ಕೊಡುವುದಿಲ್ಲ. ಹಾಗಾಗಿ ಕೋಪರ್‌ವರೆಗೆ ಕಿಟಕಿಯಲ್ಲಿ ತೂಕಡಿಸುತ್ತ ಬಂದು, ಡೊಂಬಿವಲಿಯ ಸೇತುವೆಯ ಮೇಲೆ ಯಾರೋ ಕಾಲು ತುಳಿದರೆ, ಆ ದಿನದ ಪ್ರಯಾಣಕ್ಕೆ ರಾತ್ರಿ ಬೀಳುವುದು ಸೊನ್ನೆಯೇ. ಅಲ್ಲಲ್ಲಿಯೇ, ಆಗಾಗಲೇ ಒಂದು ಗೀಟು ಹಾಕಿಕೊಳ್ಳುವುದು ಇದಕ್ಕೆ ಮದ್ದು.

ಅದರಲ್ಲೂ ಒಂದು ತೂತು ಇದೆ. ನಿಜವಾಗಿ ಕೆಟ್ಟ ದಿನ ಯಾರಿಗೂ ಗೀಟು ಹಾಕುವ ವ್ಯವಧಾನ ಇರುವುದಿಲ್ಲ. ತಿಂಗಳ ಕೊನೆಗೆ ನೋಡಿದರೆ ಆ ಮನೆ ಖಾಲಿ. ಏನೂ ಆಗದ ದಿನದ ಮನೆಯೂ ಖಾಲಿ. ಕ್ಯಾಲೆಂಡರಿನ ಮಟ್ಟಿಗೆ ಅತ್ಯಂತ ಶಾಂತ ದಿನವೂ ಅತ್ಯಂತ ಘೋರ ದಿನವೂ ಒಂದೇ. ಅದಕ್ಕೇ ಏನೂ ಆಗದ ದಿನ ಶ್ರದ್ಧೆಯಿಂದ ಸೊನ್ನೆ ಬರೆಯಬೇಕು, ಬರೆಯಲಾಗದ ದಿನವನ್ನು ಬಿಳಿಯಾಗಿಯೇ ಬಿಡಬೇಕು. ಆಮೇಲೆ ಬಿಳಿಯ ಮನೆಗಳನ್ನೂ ಎಣಿಸಬೇಕು.

ಇಷ್ಟೆಲ್ಲ ಕಳೆದ ಮೇಲೂ ಉಳಿಯುವ ದುರದೃಷ್ಟಗಳಿವೆ. ಅವುಗಳಲ್ಲಿ ಕೆಲವಕ್ಕೆ ಶುದ್ಧ ಯಾಂತ್ರಿಕ ಕಾರಣವಿರುತ್ತದೆ. ಇರಾನಿ ಹೋಟೆಲಿನ ಮೇಜಿನಿಂದ ಜಾರಿದ ಬ್ರೆಡ್ಡು ಮಸ್ಕಾ, ಅಂದರೆ ಬೆಣ್ಣೆ, ಇರುವ ಬದಿಯಾಗಿಯೇ ನೆಲಕ್ಕೆ ಬೀಳುತ್ತದೆ ಎಂಬ ದೂರನ್ನು ಬ್ರಿಟನ್ನಿನ ರಾಬರ್ಟ್ ಮ್ಯಾಥ್ಯೂಸ್ 1995ರಲ್ಲಿ ಭೌತಶಾಸ್ತ್ರದ ಪತ್ರಿಕೆಯೊಂದರಲ್ಲಿ ಲೆಕ್ಕ ಸಮೇತ ಪರಿಶೀಲಿಸಿದರು. ಮರುವರ್ಷ ಅವರಿಗೆ ನಗಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಸಿಕ್ಕಿತು. ಅಂಚಿನಿಂದ ಜಾರುವಾಗ ಬ್ರೆಡ್ಡು ನಿಧಾನವಾಗಿ ತಿರುಗಲು ಶುರುಮಾಡುತ್ತದೆ. ಸಾಮಾನ್ಯ ಮೇಜಿನ ಎತ್ತರದಿಂದ ನೆಲ ಮುಟ್ಟಲು ಹಿಡಿಯುವುದು ಸುಮಾರು 0.4 ಸೆಕೆಂಡು. ಅಷ್ಟರಲ್ಲಿ ಅದಕ್ಕೆ ಅರ್ಧ ಸುತ್ತು ಮುಗಿಸಲಷ್ಟೇ ಸಮಯ. ಮಸ್ಕಾ ಮೇಲಿದ್ದದ್ದು ಕೆಳಗಾಗುವುದು ಮೇಜಿನ ಎತ್ತರದ ಮಹಿಮೆ. ಇಂಥ ಕಡೆ ದೈವವನ್ನೂ ಬಿಡಿ, ಸಂಭವನೀಯತೆಯನ್ನೂ ಬಿಡಿ. ತಟ್ಟೆಯನ್ನು ಅಂಚಿನಿಂದ ಒಳಕ್ಕೆ ಸರಿಸಿದರಾಯಿತು.

ಗ್ರಾಫು ತಯಾರಾದ ಮೇಲೆ ಅದನ್ನು ಎಲ್ಲಿ ಅಂಟಿಸಬೇಕು ಎಂಬುದನ್ನೂ ಯೋಚಿಸಬೇಕಾಗುತ್ತದೆ. ನಮ್ಮ ಮನೆಯಲ್ಲಿ ಅತ್ತೆಯ ಮನಸ್ಥಿತಿಗೆ ಮಗಳು ಆರಿಸಿಕೊಂಡ ಮಾಪಕ ಸ್ಟೀಲ್ ಪಾತ್ರೆಯ ಮುಚ್ಚಳ. ಮುಚ್ಚಳ ಸದ್ದಿಲ್ಲದೆ ಕುಳಿತರೆ ಒಂದು. ಟಣ್ ಎಂದರೆ ಎರಡು. ಕುಳಿತ ಮೇಲೂ ಕಟ್ಟೆಯ ಗ್ರಾನೈಟಿನ ಮೇಲೆ ಗಿರಗಿರನೆ ಸುತ್ತಿ ನಿಂತರೆ ಮೂರು. ಮೇಲುಕೆಳಗಿನ ಅಳತೆಯಾಗಿ ಇದಕ್ಕಿಂತ ಪ್ರಾಮಾಣಿಕವಾದದ್ದನ್ನು ನಾನು ಕಂಡಿಲ್ಲ. ಅದನ್ನು ಅವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

"ಇದೇನಿದು, ದಿನಾ ಎರಡು ಮೂರು ಬರೆದಿದ್ದೀಯಲ್ಲ?" ಎಂದು ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು.

"ಅಮ್ಮಮ್ಮಾ, ಅದು ಮುಚ್ಚಳದ ಸದ್ದು. ನಿಮಗಲ್ಲ, ಪಾತ್ರೆಗೆ ಕೊಟ್ಟ ಅಂಕ."

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣದ ನೀತಿಯ ಬಗ್ಗೆ ಬರೆಯುತ್ತ ಹೇಳಿದ ಮಾತೊಂದಿದೆ: ಅಂಕಿಗಳಲ್ಲಿ ಕಾಣುವ ಸಂಬಂಧವನ್ನು ಹಿಡಿದು ಜನರನ್ನು ನಿಯಂತ್ರಿಸಲು ಹೋದರೆ ಆ ಸಂಬಂಧವೇ ಕುಸಿಯುತ್ತದೆ. ನಮ್ಮ ಅಡುಗೆಮನೆಯಲ್ಲಿ ಆದದ್ದು ಅದೇ. ಮುಚ್ಚಳಗಳು ಹತ್ತಿಯಂತೆ ಮೆತ್ತಗಾದವು, ಗ್ರಾಫಿನ ಗೆರೆ ನೆಲಕ್ಕಿಳಿದು ಮಲಗಿತು, ಅದೇ ವಾರ ನೀರಿನ ಲೋಟಗಳು ಮೇಜಿನ ಮೇಲೆ ಜೋರಾಗಿ ಕುಕ್ಕತೊಡಗಿದವು. ಮಾವ ಗೊಣಗುವ ಮುನ್ನ ಮೊಮ್ಮಗಳ ಕೈಯಲ್ಲಿ ಪೆನ್ಸಿಲ್ ಇದೆಯೇ ಎಂದು ನೋಡಲು ಶುರುಮಾಡಿದರು. ಮಗಳು ಈಗ ಲೋಟಕ್ಕೂ ಒಂದು ಕಾಲಮ್ಮು ಸೇರಿಸಿದ್ದಾಳೆ, ಗ್ರಾಫನ್ನು ಫ್ರಿಜ್ಜಿನಿಂದ ಕಿತ್ತು ತನ್ನ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿಕೊಂಡಿದ್ದಾಳೆ.